ಎಟ್ರಸ್ಕನ್ನರು ಬರೀ ನಕಲು ಮಾಡಿದವರಲ್ಲ ಕಣೋ

ಪ್ರೀತಿಯ ಮಂಜು,

ರೋಮನ್ನರಿಗಿಂತ ಮೊದಲೇ ಇಟಲಿಯ ನಡುಭಾಗದಲ್ಲಿ ಬಾಳಿದ್ದ ಎಟ್ರಸ್ಕನ್ನರು ಗ್ರೀಕರನ್ನು ನೋಡಿ ನಕಲು ಹೊಡೆದವರು, ಅಷ್ಟೇ ಅಂತ ಮೊನ್ನೆ ಫೋನಲ್ಲಿ ನೀನು ಹೇಳಿಬಿಟ್ಟೆ. ನನಗೆ ಅದು ಮನಸ್ಸಿನಿಂದ ಹೋಗಲೇ ಇಲ್ಲ. ಅವರದ್ದು ಒಂದೇ ಒಂದು ಊರಿನ ಕಥೆ ಹೇಳುತ್ತೇನೆ, ಕೇಳು. ರೋಮ್‌ನ ವಾಯವ್ಯಕ್ಕೆ, ಸಮುದ್ರಕ್ಕೆ ಹತ್ತಿರದಲ್ಲಿದ್ದ ಕೇರೆ. ಈಗ ಅದನ್ನು ಚೆರ್ವೆತೆರಿ ಅನ್ನುತ್ತಾರೆ.

ಲಿಪಿ ಗ್ರೀಕರದ್ದೇ, ನಿಜ. ಒರಗಿಕೊಂಡು ದ್ರಾಕ್ಷಾರಸ ಕುಡಿಯುವ ಔತಣವೂ ಹೊರಗಿನಿಂದ ಬಂದದ್ದು. ಆದರೆ ಗ್ರೀಕರ ಔತಣದಲ್ಲಿ ಮನೆಯ ಹೆಂಡತಿಗೆ ಜಾಗ ಇರಲಿಲ್ಲ. ಕೇರೆಯಲ್ಲಿ ಸಿಕ್ಕಿದ, ಕ್ರಿ.ಪೂ. 6ನೇ ಶತಮಾನದ ಸುಟ್ಟ ಮಣ್ಣಿನ ಶವಪೆಟ್ಟಿಗೆಯ ಮೇಲೆ ಗಂಡ ಹೆಂಡತಿ ಒಂದೇ ಮಂಚದಲ್ಲಿ ಒರಗಿದ್ದಾರೆ. ಅವನ ಕೈ ಅವಳ ಭುಜದ ಮೇಲಿದೆ. ಇಬ್ಬರ ಮುಖದಲ್ಲೂ ನಗು. ಇದನ್ನು ನಕಲು ಅನ್ನೋಕಾಗುತ್ತಾ?

ಇನ್ನು ಮಡಕೆ ವಿಷಯ. ಎಟ್ರಸ್ಕನ್ ಕುಂಬಾರರು ಆವಿಗೆಗೆ ಗಾಳಿ ಹೋಗದಂತೆ ಮಾಡಿ, ಒಳಗೂ ಹೊರಗೂ ಕಪ್ಪಾಗುವಂತೆ ಸುಡುತ್ತಿದ್ದರು. ಅದಕ್ಕೆ ಬುಕ್ಕೆರೊ ಅಂತ ಹೆಸರು. ಅದರಲ್ಲೊಂದು ಹೂಜಿ, ಚಪ್ಪಟೆ ಪಟ್ಟಿಯಂಥ ಅಗಲ ಹಿಡಿಗಳದ್ದು. ಅಥೆನ್ಸ್‌ನ ನಿಕೊಸ್ಥೆನೆಸ್ ಎಂಬ ಕುಂಬಾರ ಅದೇ ಆಕಾರವನ್ನು ತನ್ನ ಅಂಗಡಿಯಲ್ಲಿ ಮಾಡಿಸಿ, ಗ್ರೀಕ್ ಚಿತ್ರ ಬರೆಸಿ, ತನ್ನ ಹೆಸರು ಹಾಕಿ ಹಡಗಿಗೆ ಹಾಕಿದ. ಸಿಕ್ಕ ಜಾಗ ಗೊತ್ತಿರುವ ಅಂಥ ಹೂಜಿಗಳಲ್ಲಿ ಹೆಚ್ಚಿನವು ಕೇರೆಯವೇ. ಇಲ್ಲಿ ಯಾರು ಯಾರನ್ನು ನೋಡಿ ಕಲಿತದ್ದು, ನೀನೇ ಹೇಳು.

ಜಗಳವೂ ಇತ್ತು. ಕ್ರಿ.ಪೂ. 540ರ ಸುಮಾರಿಗೆ ಎಟ್ರಸ್ಕನ್ನರು ಉತ್ತರ ಆಫ್ರಿಕಾದ ಕಾರ್ಥೇಜ್ ನಗರದವರ ಜೊತೆ ಸೇರಿ, ಕಾರ್ಸಿಕಾ ದ್ವೀಪದಲ್ಲಿ ನೆಲೆಸಿದ್ದ, ಫೋಕಯ ಎಂಬ ಊರಿನಿಂದ ಬಂದ ಗ್ರೀಕರ ಮೇಲೆ ಸಮುದ್ರದಲ್ಲಿ ಯುದ್ಧ ಮಾಡಿದರು. ಸೆರೆ ಸಿಕ್ಕವರನ್ನು ಕೇರೆಯವರು ಕಲ್ಲು ಹೊಡೆದು ಕೊಂದರು. ಆಮೇಲೆ ಆ ಜಾಗ ದಾಟಿದ ಕುರಿ, ದನ, ಮನುಷ್ಯರೆಲ್ಲ ಕೈಕಾಲು ಸೊಟ್ಟಗಾಗಿ ಬೀಳುತ್ತಿದ್ದರಂತೆ. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಪರಿಹಾರ ಕೇಳೋಕೆ ಕೇರೆಯವರು ಹೋದದ್ದು ಎಲ್ಲಿಗೆ ಗೊತ್ತಾ? ಗ್ರೀಕರದ್ದೇ ದೇವಸ್ಥಾನ ಡೆಲ್ಫಿಗೆ! ಸತ್ತವರ ಹೆಸರಲ್ಲಿ ಆಟೋಟ, ಕುದುರೆ ಪಂದ್ಯ ನಡೆಸಿ ಅಂತ ಅಪ್ಪಣೆಯಾಯಿತು. ಹೆರೊಡೊಟಸನ ಕಾಲದಲ್ಲೂ ನಡೆಸುತ್ತಿದ್ದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೇರೆಯ ಬಂದರು ಪಿರ್ಗಿಯಲ್ಲಿ 1964ರಲ್ಲಿ ಸಿಕ್ಕ ಮೂರು ಚಿನ್ನದ ತಗಡು. ಎರಡರಲ್ಲಿ ಎಟ್ರಸ್ಕನ್ ಬರಹ, ಒಂದರಲ್ಲಿ ಕಾರ್ಥೇಜಿನವರೂ ಆಡುತ್ತಿದ್ದ ಫಿನೀಷಿಯನ್ ಭಾಷೆಯದ್ದು. ಕ್ರಿ.ಪೂ. 500ರ ಸುಮಾರಿಗೆ ಕೇರೆಯ ಅರಸ ತೆಫಾರಿಯೆ ವೆಲಿಯಾನಸ್ ತನ್ನ ದೇವಿ ಊನಿಗೆ ಹರಕೆ ಒಪ್ಪಿಸುತ್ತಾನೆ. ಅದೇ ದೇವಿಯನ್ನು ಫಿನೀಷಿಯನ್ ತಗಡು ಅಸ್ತಾರ್ತೆ ಅನ್ನುತ್ತದೆ. ಹಡಗಿಳಿದು ಬಂದ ಪರದೇಶಿ ವ್ಯಾಪಾರಿಯೂ ಓದಿ ಕೈಮುಗಿಯಲಿ ಅಂತಲೇ ಹೀಗೆ ಬರೆಸಿದ್ದು ಅನ್ನಿಸುತ್ತದೆ ನನಗೆ. ಮುಂದೆ ಗುಡಿ ಕಳಚಿದಾಗ ಈ ತಗಡುಗಳನ್ನು ಯಾರೋ ಸುರುಳಿ ಸುತ್ತಿ, ಚಿನ್ನದ ತಲೆಯ ಮೊಳೆಗಳ ಸಮೇತ ಜೋಪಾನವಾಗಿ ಹೂತಿಟ್ಟಿದ್ದರು.

ತಗಡುಗಳೂ, ಆ ಗಂಡ ಹೆಂಡತಿಯ ಶವಪೆಟ್ಟಿಗೆಯೂ ರೋಮ್‌ನ ವಿಲ್ಲಾ ಜೂಲಿಯಾ ಮ್ಯೂಸಿಯಂನವು. ಆ ಕಡೆ ಹೋದರೆ ಕೊಲೊಸಿಯಂ ಒಂದನ್ನೇ ನೋಡಿಕೊಂಡು ಬರಬೇಡ, ಇಲ್ಲಿಗೂ ಹೋಗು. ಆಮೇಲೂ ನಕಲು ಅಂತಲೇ ಅನ್ನಿಸಿದರೆ ಬರೆ, ಮತ್ತೆ ವಾದ ಮಾಡೋಣ.

ನಿನ್ನ,
ಸುರೇಶ