ಗಾಲ್ಫ್ ಕಲಿಕೆ ಪಟಿಂಗ್ ಗ್ರೀನಿನಿಂದ ಆರಂಭವಾಗಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಗಾಲ್ಫ್ ಕಲಿಸುವ ಕ್ರಮದ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ತರಬೇತುದಾರರ ಮತ್ತು ಪಾಲಕರ ಗಮನ ಸೆಳೆಯಬಯಸುತ್ತೇನೆ. ನಾನು ನೋಡಿರುವ ಡ್ರೈವಿಂಗ್ ರೇಂಜುಗಳಲ್ಲಿ ಹೊಸಬರು ಬುಟ್ಟಿಗಟ್ಟಲೆ ಚೆಂಡುಗಳನ್ನು ದೂರಕ್ಕೆ ಬಾರಿಸುವುದರಲ್ಲೇ ಬೆಳಗಿನ ಹೊತ್ತನ್ನೆಲ್ಲ ಕಳೆಯುತ್ತಾರೆ. ಚೆಂಡನ್ನು ನೆಲದ ಗುಳಿಗೆ, ಅಂದರೆ ಹೋಲಿಗೆ, ಮೆಲ್ಲಗೆ ಉರುಳಿಸುವ ಪಟಿಂಗ್ ಹೊಡೆತದ ಅಭ್ಯಾಸಕ್ಕಿರುವ ನುಣುಪು ಹುಲ್ಲಿನ ಅಂಗಳ, ಪಕ್ಕದ ಪಟಿಂಗ್ ಗ್ರೀನ್, ಬಹುಮಟ್ಟಿಗೆ ಖಾಲಿ ಬಿದ್ದಿರುತ್ತದೆ. 18 ಹೋಲುಗಳ ಒಂದು ಸುತ್ತಿಗೆ ನಿಗದಿಯಾದ 72 ಹೊಡೆತಗಳ ಪಾರ್‌ನಲ್ಲಿ ಹೋಲಿಗೆ ಎರಡರಂತೆ 36 ಹೊಡೆತಗಳನ್ನು ಪಟಿಂಗ್‌ಗೆಂದೇ ಲೆಕ್ಕ ಹಿಡಿಯುವಾಗ, ಆಟದ ಅರ್ಧಭಾಗವನ್ನು ಹೀಗೆ ಕಡೆಗಣಿಸುವುದು ಸರಿಯಲ್ಲ.

ಇದಕ್ಕೆ ನಮ್ಮೂರಿನ ಅದಿತಿ ಅಶೋಕ್ ಅವರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರ ಜೊತೆ ಪದಕಕ್ಕೆ ಸೆಣಸಿದವರು ಡ್ರೈವ್‌ನ, ಅಂದರೆ ಹೋಲಿನ ಮೊದಲ ಉದ್ದ ಹೊಡೆತದ, ದೂರದಲ್ಲಿ ಬಹಳ ಮುಂದಿದ್ದರು. ಆದರೂ ಪಟಿಂಗ್‌ಗೆ ಬಳಸುವ ಕೋಲಾದ ಪಟರ್‌ನ ಬಲದಿಂದ ಕೊನೆಯ ಹೋಲಿನವರೆಗೆ ಪೈಪೋಟಿಯಲ್ಲಿ ಉಳಿದು, ಒಂದೇ ಹೊಡೆತದ ಅಂತರದಲ್ಲಿ ಕಂಚು ಕೈತಪ್ಪಿ ಅವರು ನಾಲ್ಕನೆಯವರಾದರು.

ಭರವಸೆಯ ಪಟಿಂಗ್ ಹೊಡೆತ ಕೈಚಳಕದಿಂದ ಬರುವಂಥದ್ದಲ್ಲ. ಮಣಿಕಟ್ಟು ಅಲುಗದೆ ಭುಜಗಳೆರಡೂ ಒಟ್ಟಿಗೆ ತೂಗಿದಾಗ ಬರುತ್ತದೆ. ತೊಟ್ಟಿಲನ್ನು ಸ್ವಲ್ಪ ತೂಗಿದರೂ ಹೆಚ್ಚು ತೂಗಿದರೂ ಅದು ಹೋಗಿ ಬರಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಪಟರ್ ಕೂಡ ಹಾಗೆ ಸಾಗಬೇಕು. ಹೋಲ್ ಹತ್ತಿರವಿದ್ದರೆ ಪಟರನ್ನು ಕಡಿಮೆ ಹಿಂದೆಳೆಯಬೇಕು, ದೂರವಿದ್ದರೆ ಹೆಚ್ಚು. ಲಯ ಮಾತ್ರ ಬದಲಾಗಕೂಡದು. ದೂರದ ಪಟ್‌ನಲ್ಲಿ ಕೊನೆಯ ಗಳಿಗೆಗೆ ಜೋರಾಗಿ ಕುಕ್ಕುವುದು, ಸಣ್ಣ ಪಟ್‌ನಲ್ಲಿ ಚೆಂಡಿಗೆ ತಾಗುವ ಮುನ್ನವೇ ಅಂಜಿ ನಿಧಾನಿಸುವುದು, ಹವ್ಯಾಸಿಗಳಲ್ಲಿ ಪದೇ ಪದೇ ಕಾಣುವ ದೋಷಗಳು ಇವೆರಡೇ.

ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದು, ತಾಗುವ ಕ್ಷಣದಲ್ಲಿ ಪಟರ್‌ನ ಮುಖ ಎತ್ತ ತಿರುಗಿದೆ ಎಂಬುದನ್ನು ಬಹುಪಾಲು ಅವಲಂಬಿಸಿದೆ. ಆ ಮುಖ ಒಂದೇ ಡಿಗ್ರಿ ಓರೆಯಾದರೂ ಮೂರು ಮೀಟರ್ ಉರುಳುವಷ್ಟರಲ್ಲಿ ಚೆಂಡು ಸುಮಾರು 5 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಹೋಲಿನ ಅಗಲವೇ 10.8 ಸೆಂ.ಮೀ. ಆಗಿರುವುದರಿಂದ ನಡುವಿಗೆ ಗುರಿಯಿಟ್ಟ ಚೆಂಡು ಆಗಲೇ ಅಂಚಿಗೆ ಬಂದಾಯಿತು. ಇನ್ನೊಂದು ಡಿಗ್ರಿ ಓರೆಯಾದರೆ ಪೂರ್ತಿ ತಪ್ಪುತ್ತದೆ.

ಇದನ್ನು ತಿದ್ದಿಕೊಳ್ಳಲು ಕ್ಲಬ್ಬಿನ ಸದಸ್ಯತ್ವ ಬೇಕಿಲ್ಲ. ಮನೆಯಲ್ಲಿ ಉದ್ದ ಪಟ್ಟೆಯ ಜಮಖಾನೆ ಹಾಸಿ, ಒಂದು ಪಟ್ಟೆಯ ಮೇಲೆ ಚೆಂಡಿಟ್ಟು, ಪಟರ್‌ನ ಎರಡೂ ಪಕ್ಕ ಬೆರಳಗಲ ಜಾಗ ಬಿಟ್ಟು ನೀರಿನ ಬಾಟಲಿ ನಿಲ್ಲಿಸಿ, ಅವುಗಳಿಗೆ ತಾಗದಂತೆ ಹೊಡೆದರೆ, ಚೆಂಡು ಪಟ್ಟೆಯನ್ನು ಎಲ್ಲಿ ಬಿಟ್ಟಿತೆಂಬುದೇ ತಪ್ಪನ್ನು ತೋರಿಸಿಕೊಡುತ್ತದೆ. ಡಿಸೆಂಬರ್ ತಿಂಗಳ ಬೆಳಗ್ಗೆ ಗ್ರೀನ್ ಮೇಲಿನ ಇಬ್ಬನಿ ಆರುವ ಮೊದಲು ಅಭ್ಯಾಸ ಮಾಡುವವರಿಗೆ ಇನ್ನೂ ಒಳ್ಳೆಯ ಪಾಠ ಸಿಗುತ್ತದೆ. ಚೆಂಡು ಉರುಳಿದ ಹಾದಿ ಹನಿಗಳ ನಡುವೆ ಗೆರೆಯಾಗಿ ಉಳಿಯುತ್ತದೆ. ಆ ಗೆರೆ ಮೊದಲ ಒಂದೆರಡು ಅಡಿ ಗುರಿಯತ್ತ ನೇರವಾಗಿದ್ದು ಮುಂದೆ ಬಾಗಿದ್ದರೆ ಅದು ಇಳಿಜಾರಿನ ಕೆಲಸ, ಹೊರಡುವಾಗಲೇ ಪಕ್ಕಕ್ಕೆ ಸರಿದಿದ್ದರೆ ಹೊಡೆತದ ತಪ್ಪು. ಮಕ್ಕಳಿಗೆ ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉಪಕರಣವನ್ನು ನಾನು ಕಂಡಿಲ್ಲ. ಬಿಸಿಲೇರಿ ಅದೇ ಗ್ರೀನ್ ಒಣಗಿದ ಮೇಲೆ ಚೆಂಡಿನ ಓಟ ಚುರುಕಾಗುತ್ತದೆ; ಹುಲ್ಲು ಮಲಗಿದ ದಿಕ್ಕಿಗೆ ಎದುರಾಗಿ ಹೊಡೆದರೆ ಬೇಗ ನಿಲ್ಲುತ್ತದೆ. ಹೊಡೆತದ ಲಯವೇ ದಿನಕ್ಕೊಂದು ಬಗೆಯಾಗಿರುವವರಿಗೆ ಈ ವ್ಯತ್ಯಾಸಗಳು ಅರಿವಿಗೇ ಬರುವುದಿಲ್ಲ.

ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದ 1876ರಿಂದ ಈ ಆಟವನ್ನು ಬಲ್ಲ ಊರು ನಮ್ಮದು. ಇಲ್ಲಿನ ತರಬೇತುದಾರರು ಬೇಸಿಗೆ ಶಿಬಿರಗಳ ಮೊದಲ ವಾರವನ್ನು ಪೂರ್ತಿಯಾಗಿ ಪಟಿಂಗ್‌ಗೆ ಮೀಸಲಿಡಬೇಕೆಂದೂ, ಕ್ಲಬ್‌ಗಳು ವಾರದ ದಿನಗಳಲ್ಲಿ ಕೆಲವು ಗಂಟೆಯಾದರೂ ಸದಸ್ಯರಲ್ಲದ ಮಕ್ಕಳಿಗೆ ಪಟಿಂಗ್ ಗ್ರೀನನ್ನು ತೆರೆದಿಡಬೇಕೆಂದೂ ಕೋರುತ್ತೇನೆ. ಪೂರ್ತಿ ಸೆಟ್ ಕೊಳ್ಳುವ ಶಕ್ತಿಯಿಲ್ಲದ ಮನೆಯ ಮಗುವೂ ಒಂದು ಹಳೆಯ ಪಟರ್ ಮತ್ತು ಎರಡು ಚೆಂಡುಗಳೊಂದಿಗೆ ಅಲ್ಲಿ ಕಲಿಕೆ ಆರಂಭಿಸಬಹುದು.

ತಮ್ಮ ವಿಶ್ವಾಸಿ,
ಹವ್ಯಾಸಿ ಗಾಲ್ಫ್ ಆಟಗಾರ, ದೊಮ್ಮಲೂರು, ಬೆಂಗಳೂರು