ಆಕರಕೋಶ ಸಂಶೋಧನೆಯನ್ನು ಖಾಸಗಿಯವರ ಪಾಲಿಗೆ ಬಿಡಬಾರದು

ಮಾನ್ಯ ಸಂಪಾದಕರೇ,

ನಮ್ಮ ತೋಟದಲ್ಲಿ ಹದಿನೈದು ವರ್ಷ ಅಡಿಕೆ ಕೊನೆ ಇಳಿಸಿದ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆದ ಕೊನೆಗಾರರೊಬ್ಬರು ನಾಲ್ಕು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ ಕಾಲು ಜಾರಿ ಅಡಿಕೆ ಮರದಿಂದ ಬಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನವೇ ಇಲ್ಲವಾಯಿತು. ಆಸ್ಪತ್ರೆಯ ವೈದ್ಯರು ಮಾಡಬಹುದಾದ ಶಸ್ತ್ರಚಿಕಿತ್ಸೆಯನ್ನು ಮಾಡಿ, ಕಡಿದ ನರತಂತುಗಳನ್ನು ಮತ್ತೆ ಕೂಡಿಸುವ ವಿದ್ಯೆ ಸದ್ಯಕ್ಕೆ ಯಾರ ಕೈಯಲ್ಲೂ ಇಲ್ಲವೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮನೆಯವರಿಗೆ ಆ ಮಾತನ್ನು ಒಪ್ಪಿಕೊಳ್ಳಲು ಆಗಲಿಲ್ಲ. ಯಾರೋ ಹೇಳಿದರೆಂದು ದೂರದ ಊರಿನ ಖಾಸಗಿ ಚಿಕಿತ್ಸಾಲಯವೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವರದೇ ಮಜ್ಜೆಯಿಂದ ತೆಗೆದದ್ದೆಂದು ಹೇಳಿ ‘ಸ್ಟೆಮ್ ಸೆಲ್’ (ಆಕರಕೋಶ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಚುಚ್ಚುಮದ್ದು ಕೊಟ್ಟರು. ಒಡವೆ ಅಡವಿಟ್ಟು, ಸೊಸೈಟಿಯಲ್ಲಿ ಸಾಲ ತೆಗೆದು ಕಟ್ಟಿದ ಹಣಕ್ಕೆ ಸರಿಯಾದ ರಸೀದಿ ಕೂಡ ಸಿಗಲಿಲ್ಲ. ಅವರು ಇಂದಿಗೂ ಜಗಲಿಯ ಮೇಲೆ ಮಲಗಿದ್ದಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದ ನನ್ನನ್ನು ಹೊರಡುವ ಮುಂಚೆ ಒಂದು ಮಾತು ಕೇಳಿದ್ದರೆ ಎಂಬ ಸಂಕಟ ಇನ್ನೂ ನನ್ನನ್ನು ಬಿಟ್ಟಿಲ್ಲ.

ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯಂಥ ಒಪ್ಪಿತ ಚಿಕಿತ್ಸೆಗಳನ್ನು ಬಿಟ್ಟರೆ, ಉಳಿದ ಯಾವ ಕಾಯಿಲೆಗೂ ಆಕರಕೋಶಗಳನ್ನು ಅನುಮೋದಿತ ಪ್ರಯೋಗದ ಹೊರಗೆ ಬಳಸಕೂಡದು, ಪ್ರಯೋಗಕ್ಕೆ ಒಳಗಾದವರಿಂದ ಹಣ ಪಡೆಯಕೂಡದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರ ಮಾರ್ಗಸೂಚಿಯಲ್ಲೇ ಹೇಳಿವೆ. ಬೇಡವೆನ್ನುವ ಕೆಲಸವನ್ನು ಸರ್ಕಾರ ಹೀಗೆ ಮಾಡಿದೆ. ಆದರೆ ನಿಜವಾದ ಮದ್ದನ್ನು ಹುಡುಕುವವರ ಕೈಗೆ ಸಾಕಷ್ಟು ಹಣ ಕೊಡದೆ ಬರೀ ಬೇಡವೆಂದರೆ, ದಿಕ್ಕು ತೋಚದ ರೋಗಿಗಳು ಇಂಥ ಬಾಗಿಲುಗಳನ್ನೇ ತಟ್ಟುತ್ತಾರೆ. ಆದ್ದರಿಂದ ಭ್ರೂಣದ ಆಕರಕೋಶಗಳ ಸಂಶೋಧನೆಗೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳೆರಡೂ ಈಗಿನದಕ್ಕಿಂತ ಬಹಳ ಹೆಚ್ಚಿನ ನೆರವು ಕೊಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

‘ಭ್ರೂಣ’ ಎಂಬ ಮಾತು ಕೇಳಿದೊಡನೆ ನಮ್ಮ ಕಡೆಯ ಹಿರಿಯರು ಭ್ರೂಣಹತ್ಯೆಯನ್ನು ನೆನೆದು ಮುಖ ತಿರುಗಿಸುತ್ತಾರೆ. ಆ ಭಾವನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೆಣ್ಣು ಭ್ರೂಣಗಳನ್ನು ಹೊಸಕಿದ ನಾಡಿನಲ್ಲಿ ಆ ಎಚ್ಚರ ಇರಲೇಬೇಕು. ಆದರೆ ಇಲ್ಲಿ ಬಳಸುವುದು ಗರ್ಭದಿಂದ ತೆಗೆದದ್ದಲ್ಲ. ಮಕ್ಕಳಿಲ್ಲದ ದಂಪತಿಗಾಗಿ ಪ್ರನಾಳದಲ್ಲಿ ಬೆಳೆಸಿ, ಅವರಿಗೆ ಮಗುವಾದ ಮೇಲೆ ಶೈತ್ಯಾಗಾರದಲ್ಲಿ ಉಳಿದುಕೊಂಡದ್ದು, ಅಥವಾ ಗುಣಮಟ್ಟ ಸಾಲದೆಂದು ಗರ್ಭಕ್ಕೆ ಸೇರಿಸದೆ ಬಿಟ್ಟದ್ದು. ಐದಾರು ದಿನದ ಆ ಭ್ರೂಣ ಸಾಸಿವೆ ಕಾಳಿಗಿಂತಲೂ ಬಹಳ ಚಿಕ್ಕದಾದ, ನೂರಿನ್ನೂರು ಕೋಶಗಳ ಒಂದು ಗುಳ್ಳೆ. ಅದರೊಳಗಿನ ಪುಟ್ಟ ಗುಂಪಿನ ಕೋಶಗಳಿಗೆ ಮುಂದೆ ನರವೋ ಮೂಳೆಯೋ ಮೇದೋಜೀರಕದ ಕೋಶವೋ ಆಗುವ ಶಕ್ತಿ ಇರುತ್ತದೆ. 14 ದಿನ ದಾಟಿದ ಭ್ರೂಣವನ್ನು ಪ್ರಯೋಗಾಲಯದಲ್ಲಿ ಬೆಳೆಸುವಂತಿಲ್ಲವೆಂದು ನಮ್ಮ ಮಾರ್ಗಸೂಚಿ ಗೆರೆ ಎಳೆದಿದೆ. ಆ ಹೊತ್ತಿಗೆ ಅದರಲ್ಲಿ ಒಂದು ನರಕೋಶವೂ ಮೂಡಿರುವುದಿಲ್ಲ.

2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಮಾತು ಇನ್ನೂ ಸ್ಪಷ್ಟವಾಗಿದೆ. ಭ್ರೂಣಗಳನ್ನು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಾಪಿಡುವಂತಿಲ್ಲ; ಅವಧಿ ಮುಗಿದ ಮೇಲೆ ಅವು ತಾವಾಗಿ ಅಳಿಯಲು ಬಿಡಬೇಕು, ಇಲ್ಲವೇ ದಂಪತಿಯ ಒಪ್ಪಿಗೆ ಪಡೆದು ನೋಂದಾಯಿತ ಸಂಶೋಧನಾ ಸಂಸ್ಥೆಗೆ ದಾನವಾಗಿ ಕೊಡಬೇಕು. ಹೇಗಿದ್ದರೂ ಅಳಿಯಲಿರುವುದನ್ನು ಅಳಿಯಲು ಬಿಡುವುದಕ್ಕಿಂತ, ಹೆತ್ತವರು ಮನಸ್ಸಿಟ್ಟು ಕೊಟ್ಟರೆ ಅದರಿಂದ ಒಬ್ಬರ ನೋವು ಹೇಗೆ ಕಳೆಯಬಹುದೆಂದು ಹುಡುಕುವುದು ಹೆಚ್ಚು ಗೌರವದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ನೇತ್ರದಾನವನ್ನು ಒಪ್ಪಿಕೊಂಡ ಸಮಾಜ ನಮ್ಮದು. ಅದನ್ನು ಒಪ್ಪಿಸಲು ಹಳ್ಳಿಹಳ್ಳಿಗೆ ಹೋಗಿ ಜನರಿಗೆ ತಿಳಿಹೇಳಬೇಕಾಯಿತು. ಇದಕ್ಕೂ ಕನ್ನಡದಲ್ಲಿ ಸಮಾಧಾನವಾಗಿ ವಿವರಿಸಬಲ್ಲ ಆಪ್ತಸಮಾಲೋಚಕರು ಬೇಕು, ಹಣದ ಆಮಿಷವಿಲ್ಲದ ಒಪ್ಪಿಗೆಪತ್ರ ಬೇಕು, ಶಿವಮೊಗ್ಗದಂಥ ಜಿಲ್ಲಾ ಕೇಂದ್ರದಿಂದ ಬೆಂಗಳೂರಿನ ಪ್ರಯೋಗಾಲಯದವರೆಗೆ ಕೆಡದಂತೆ ಸಾಗಿಸುವ ಏರ್ಪಾಡು ಬೇಕು. ಕಾನೂನು ಬಾಗಿಲು ತೆರೆದಿದೆ. ಒಳಗೆ ನಡೆಯಲು ಬೇಕಾದ ಇವಕ್ಕೆಲ್ಲ ಹಣ ಕೊಡಬೇಕಾದುದು ಸರ್ಕಾರ.

ವಿದ್ಯೆಗೆ ನಮ್ಮಲ್ಲಿ ಕೊರತೆಯಿಲ್ಲ. 2001ರಲ್ಲಿ ಅಮೆರಿಕದ ಸರ್ಕಾರ ತನ್ನ ಅನುದಾನದಲ್ಲಿ ಬಳಸಲು ಅರ್ಹವಾದ ಭ್ರೂಣದ ಆಕರಕೋಶಗಳಿವೆಯೆಂದು ಪಟ್ಟಿ ಮಾಡಿದ ಬೆರಳೆಣಿಕೆಯ ಸಂಸ್ಥೆಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಒಂದಾಗಿತ್ತು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಅವರ ತಂಡ, ಗರ್ಭಕ್ಕೆ ಸೇರಿಸಲು ಯೋಗ್ಯವಲ್ಲವೆಂದು ಬಿಟ್ಟ ಭ್ರೂಣಗಳಿಂದಲೇ ಎರಡು ಕೋಶಸಂತತಿಗಳನ್ನು (ಪ್ರಯೋಗಾಲಯದಲ್ಲಿ ಒಂದೇ ಮೂಲದಿಂದ ಹೆಚ್ಚುತ್ತಲೇ ಹೋಗುವ ಕೋಶಗಳನ್ನು) ಬೆಳೆಸಿ 2009ರಲ್ಲಿ ಪ್ರಕಟಿಸಿತು. ಅವು ಬ್ರಿಟನ್ನಿನ ಆಕರಕೋಶ ಬ್ಯಾಂಕಿನಲ್ಲಿ ಸ್ಥಾನ ಪಡೆದವೆಂಬುದು ನನಗೆ ಹೆಮ್ಮೆಯ ವಿಷಯ. ನಮ್ಮ ಜನರ ವಂಶವಾಹಿಗಳ ವೈವಿಧ್ಯವನ್ನು ಪ್ರತಿನಿಧಿಸುವ ಇಂಥ ಹತ್ತಾರು ಸಂತತಿಗಳು ನಮ್ಮದೇ ಸಾರ್ವಜನಿಕ ಬ್ಯಾಂಕಿನಲ್ಲಿದ್ದು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವಿದ್ಯಾರ್ಥಿಗೂ ಅರ್ಜಿ ಹಾಕಿದರೆ ಸಿಗುವಂತಿರಬೇಕು. ದೇಶವು ಎಲ್ಲ ಬಗೆಯ ಸಂಶೋಧನೆಗೆ ಸೇರಿ ಒಟ್ಟು ಆಂತರಿಕ ಉತ್ಪನ್ನದ ಶೇ 0.64ರಷ್ಟನ್ನು ಮಾತ್ರ ವೆಚ್ಚ ಮಾಡುತ್ತಿರುವಾಗ ಅದು ಆಗುವ ಮಾತಲ್ಲ.

ಚರ್ಮದ ಕೋಶವನ್ನೇ ಆಕರಕೋಶದಂಥ ಹಿಂದಿನ ಸ್ಥಿತಿಗೆ ಮರಳಿಸುವ ವಿಧಾನವನ್ನು ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಕಂಡುಹಿಡಿದ ಮೇಲೆ ಭ್ರೂಣದ ಗೊಡವೆಯೇ ಬೇಡವಲ್ಲ ಎಂದು ತಿಳಿದವರೂ ಕೇಳುತ್ತಾರೆ. ಆದರೆ ಯಮನಾಕ ಅವರು ಪರೀಕ್ಷೆಗೆ ಆರಿಸಿಕೊಂಡ 24 ವಂಶವಾಹಿಗಳು ಭ್ರೂಣದ ಆಕರಕೋಶಗಳ ಅಧ್ಯಯನದಿಂದಲೇ ತಿಳಿದುಬಂದವು, ಮತ್ತು ಹಾಗೆ ಮರಳಿಸಿದ ಕೋಶ ಸರಿಯಾಗಿದೆಯೇ ಎಂದು ಇಂದಿಗೂ ಒರೆಹಚ್ಚುವುದು ಭ್ರೂಣದ ಕೋಶದ ಜೊತೆಗೆ. ಫಲವೂ ಈಗ ಕಾಣತೊಡಗಿದೆ. ಭ್ರೂಣದ ಆಕರಕೋಶಗಳಿಂದ ತಯಾರಿಸಿದ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ ಒಂದನೇ ಬಗೆಯ ಮಧುಮೇಹದ 12 ರೋಗಿಗಳಲ್ಲಿ 10 ಮಂದಿಗೆ ಒಂದು ವರ್ಷದ ಬಳಿಕ ಇನ್ಸುಲಿನ್ ಚುಚ್ಚಿಕೊಳ್ಳುವ ಅಗತ್ಯ ಇರಲಿಲ್ಲವೆಂದು 2025ರಲ್ಲಿ ವರದಿಯಾಯಿತು. ದೇಹವು ಆ ಕೋಶಗಳನ್ನು ತಿರಸ್ಕರಿಸದಂತೆ ಅವರು ಬೇರೆ ಔಷಧಿ ಸೇವಿಸುತ್ತಲೇ ಇರಬೇಕೆಂಬುದೂ ನಿಜ. ಅದೇ ವರ್ಷ ಪಾರ್ಕಿನ್ಸನ್ ಕಾಯಿಲೆಯ 12 ಮಂದಿಯ ಮಿದುಳಿಗೆ ಭ್ರೂಣದ ಆಕರಕೋಶಗಳಿಂದ ಬೆಳೆಸಿದ ಕೋಶಗಳನ್ನು ಸುರಕ್ಷಿತವಾಗಿ ಸೇರಿಸಿದ ವರದಿಯೂ ಬಂತು.

ಬೆನ್ನುಹುರಿಯ ವಿಷಯದಲ್ಲಿ ಅಷ್ಟು ದೂರ ಬಂದಿಲ್ಲ, ಮತ್ತು ಬಾರದಿರುವುದಕ್ಕೆ ವಿಜ್ಞಾನವೊಂದೇ ಕಾರಣವಲ್ಲ. ಭ್ರೂಣದ ಆಕರಕೋಶಗಳಿಂದ ಬೆಳೆಸಿದ ಕೋಶಗಳನ್ನು ಬೆನ್ನುಹುರಿಗೆ ಪೆಟ್ಟಾದವರಿಗೆ ಕೊಡುವ ಮೊದಲ ಪ್ರಯೋಗವನ್ನು ಅಮೆರಿಕದ ಜೆರಾನ್ ಕಂಪನಿ 2010ರಲ್ಲಿ ಆರಂಭಿಸಿ, ಮರುವರ್ಷವೇ ಹಣಕಾಸಿನ ಕಾರಣ ನೀಡಿ ಕೈಬಿಟ್ಟಿತು. ಆ ಕೆಲಸಕ್ಕೆ ಮುಂದೆ ಮತ್ತೆ ಜೀವ ಬಂದದ್ದು ಕ್ಯಾಲಿಫೋರ್ನಿಯಾ ರಾಜ್ಯದ ಸಾರ್ವಜನಿಕ ನಿಧಿಯ ನೆರವಿನಿಂದ. ಆ ನಿಧಿಯನ್ನು 2004ರಲ್ಲಿ ಅಲ್ಲಿನ ಮತದಾರರೇ ಮತ ಹಾಕಿ ಸ್ಥಾಪಿಸಿಕೊಂಡಿದ್ದರು. ಮೊತ್ತ 300 ಕೋಟಿ ಡಾಲರ್. ಅಮೆರಿಕದ ಕೇಂದ್ರ ಸರ್ಕಾರ ಹಿಂದೇಟು ಹಾಕಿದ ಕಾಲದಲ್ಲಿ ಒಂದು ರಾಜ್ಯ ಮಾಡಿದ ಕೆಲಸವಿದು. ದೇಶದ ಜೈವಿಕ ತಂತ್ರಜ್ಞಾನದ ರಾಜಧಾನಿ ಎನಿಸಿಕೊಂಡ ಬೆಂಗಳೂರನ್ನು ಇಟ್ಟುಕೊಂಡಿರುವ ಕರ್ನಾಟಕಕ್ಕೆ, ಅಷ್ಟಲ್ಲದಿದ್ದರೂ ತನ್ನ ಶಕ್ತಿಗೆ ತಕ್ಕ ನಿಧಿಯೊಂದನ್ನು ಇದಕ್ಕೆಂದೇ ಮೀಸಲಿಡುವುದು ಸಾಧ್ಯವಿದೆ.

ಮಲೆನಾಡಿನವರಾದ ನಮಗಂತೂ ಕಂಪನಿಗಳ ಲೆಕ್ಕಾಚಾರವನ್ನು ನಂಬಿ ಕೂರಲು ಆಗದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ ಹುಡುಕಿಕೊಂಡು ಬಂದು ವೈರಾಣುವನ್ನು ಪತ್ತೆ ಮಾಡಿದ್ದು ಪುಣೆಯ ವೈರಾಣು ಸಂಶೋಧನಾ ಕೇಂದ್ರ. ಪರಿಣಾಮ ಸಾಲದೆಂದು ಮಂಗನ ಕಾಯಿಲೆಯ ಹಳೆಯ ಲಸಿಕೆಯನ್ನು ನಿಲ್ಲಿಸಿದ ಮೇಲೆ ಹೊಸದಕ್ಕಾಗಿ ನಾವು ಮುಖ ನೋಡಬೇಕಾದದ್ದೂ ಸರ್ಕಾರದ ಸಂಶೋಧನಾ ಮಂಡಳಿಯನ್ನೇ. ಸಾಗರದ ಪಕ್ಕದ ಹಂದಿಗೋಡಿನ ಹೆಸರು ಹೊತ್ತ ಕಾಯಿಲೆಯಂತೂ ಇನ್ನೂ ಅನಾಥವಾಗಿದೆ. ತಂದೆತಾಯಿಯಿಂದ ಮಕ್ಕಳಿಗೆ ಬರುವ ಆ ರೋಗದಲ್ಲಿ ಸೊಂಟ, ಮಂಡಿಗಳ ಕೀಲು ಸವೆದು, ದುಡಿಯುವ ವಯಸ್ಸಿನಲ್ಲೇ ಮನುಷ್ಯ ಕೋಲು ಹಿಡಿಯುತ್ತಾನೆ. ಬಳಲುತ್ತಿರುವವರು ಬಹುಪಾಲು ಬಡ ದಲಿತ ಕೂಲಿಕಾರ ಕುಟುಂಬಗಳು. 1970ರ ದಶಕದಲ್ಲೇ ಬೆಳಕಿಗೆ ಬಂದ ಈ ಕಾಯಿಲೆಗೆ ಮದ್ದು ತಯಾರಿಸಿ ಲಾಭ ಮಾಡಿಕೊಳ್ಳುತ್ತೇನೆಂದು ಯಾವ ಕಂಪನಿಯೂ ಬರುವುದಿಲ್ಲ. ಆದರೆ ಭ್ರೂಣದ ಆಕರಕೋಶದಿಂದ ಮೃದ್ವಸ್ಥಿ (ಕೀಲುಗಳಲ್ಲಿರುವ ಮೆದು ಮೂಳೆ) ಬೆಳೆಯುವ ಬಗೆಯನ್ನು ಪ್ರಯೋಗಾಲಯದ ತಟ್ಟೆಯಲ್ಲೇ ಹಂತಹಂತವಾಗಿ ನೋಡಬಹುದು. ರೋಗಿಯ ಚರ್ಮದಿಂದ ಪಡೆದು ಹಿಂದಿನ ಸ್ಥಿತಿಗೆ ಮರಳಿಸಿದ ಕೋಶವನ್ನು ಅದರ ಪಕ್ಕದಲ್ಲಿಟ್ಟು ಬೆಳೆಸಿದರೆ, ಮೂಳೆಯ ಬೆಳವಣಿಗೆ ಎಲ್ಲಿ ದಾರಿ ತಪ್ಪುತ್ತದೆಂದು ಗುರುತಿಸುವುದಕ್ಕೆ ನೆರವಾಗುತ್ತದೆ. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವೈದ್ಯರು, ಕುವೆಂಪು ವಿಶ್ವವಿದ್ಯಾಲಯದ ಜೈವಿಕ ತಂತ್ರಜ್ಞಾನ ವಿಭಾಗ ಮತ್ತು ಬೆಂಗಳೂರಿನ ಆಕರಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್ ಕೂಡಿ ಇದನ್ನು ಕೈಗೆತ್ತಿಕೊಳ್ಳುವಂತೆ ಹತ್ತು ವರ್ಷಗಳ ಯೋಜನೆಯೊಂದನ್ನು ರೂಪಿಸಬೇಕು. ಎರಡು ಮೂರು ವರ್ಷಕ್ಕೆ ಮುಗಿಯುವ ಅನುದಾನದಲ್ಲಿ ಇಂಥ ಕೆಲಸ ಆಗುವುದಿಲ್ಲ.

ಮುಂದಿನ ಬಜೆಟ್ಟಿಗೆ ಮುಂಚೆ ನಮ್ಮ ಜಿಲ್ಲೆಯ ಶಾಸಕರು ಸದನದಲ್ಲೂ, ಸಂಸದರು ಸಂಸತ್ತಿನಲ್ಲೂ ಈ ವಿಷಯವನ್ನು ಎತ್ತಬೇಕೆಂದು ವಿನಂತಿಸುತ್ತೇನೆ. ಜೊತೆಗೆ, ಆಕರಕೋಶದ ಹೆಸರಿನಲ್ಲಿ ಹಣ ಕೇಳುವ ಯಾವುದೇ ಚಿಕಿತ್ಸೆ ಅನುಮೋದಿತವೇ ಎಂದು ರೋಗಿಯ ಮನೆಯವರು ಕೇಳಿ ತಿಳಿಯಲು ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಒಬ್ಬ ಅಧಿಕಾರಿಯನ್ನು ನೇಮಿಸಲು ಬಜೆಟ್ಟಿನವರೆಗೆ ಕಾಯಬೇಕಾಗಿಲ್ಲ. ಅದನ್ನು ಆರೋಗ್ಯ ಇಲಾಖೆ ಈ ತಿಂಗಳೇ ಮಾಡಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ