ಸದ್ದಿಲ್ಲದ ಬ್ಯಾಟು, ಸಾಟೊ ಗೆಲುವು

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ಟೇಬಲ್ ಟೆನಿಸ್ ಆಟಗಾರ, ಜಪಾನಿನ ಸಾಟೊ ಅವರ ಮಾತು ಬಂದಾಗ ‘1952ರಲ್ಲಿ ಗೆದ್ದದ್ದು ಸಾಟೊ ಅಲ್ಲ, ಅವನ ಬ್ಯಾಟು’ ಎಂದುಬಿಟ್ಟೆಯಲ್ಲ, ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ಆ ವರ್ಷದ ಫೆಬ್ರವರಿಯಲ್ಲಿ ಮುಂಬಯಿಯ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ವಿಶ್ವ ಟೇಬಲ್ ಟೆನಿಸ್ ಚಾಂಪಿಯನ್‌ಷಿಪ್ ನಡೆಯಿತು. 1926ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಪಂದ್ಯಾವಳಿ ಏಷ್ಯಾಕ್ಕೆ ಬಂದದ್ದು ಅದೇ ಮೊದಲು. (ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೆಲ್ಲ ಆಗ ಮುಂಬಯಿ ರಾಜ್ಯದಲ್ಲೇ ಇದ್ದವು, ಅಲ್ಲಿನವರಿಗೆ ಇದು ತಮ್ಮದೇ ರಾಜಧಾನಿಯ ಪಂದ್ಯಾವಳಿ.) ಪುರುಷರ ಸಿಂಗಲ್ಸ್ ಅಲ್ಲಿಯವರೆಗೆ ಯುರೋಪಿನವರ ಸ್ವತ್ತು. ಹಂಗೇರಿಯ ವಿಕ್ಟರ್ ಬಾರ್ನಾ ಒಬ್ಬರೇ ಐದು ಸಲ ಗೆದ್ದಿದ್ದರು. ಹಿಂದಿನ ವರ್ಷದ ಚಾಂಪಿಯನ್ ಇಂಗ್ಲೆಂಡಿನ ಜಾನಿ ಲೀಚ್. ಜಪಾನ್ ಈ ಕೂಟಕ್ಕೆ ಹೊಸದು. ಮಹಾಯುದ್ಧದಲ್ಲಿ ಸೋತು, ಇನ್ನೂ ವಿದೇಶಿ ಸೇನೆಯ ಆಡಳಿತದಲ್ಲಿದ್ದ ದೇಶ ಅದು. ಶಾಂತಿ ಒಪ್ಪಂದ ಜಾರಿಗೆ ಬಂದದ್ದು ಏಪ್ರಿಲ್ 28ರಂದು, ಪಂದ್ಯಾವಳಿ ಮುಗಿದ ಮೇಲೆ.

ಅಂಥ ದೇಶದಿಂದ ಬಂದ ಹಿರೋಜಿ ಸಾಟೊ ಕನ್ನಡಕಧಾರಿ, ಪೆನ್ನು ಹಿಡಿದಂತೆ ಬ್ಯಾಟು ಹಿಡಿಯುತ್ತಿದ್ದ ಆಟಗಾರ. ಆ ಬ್ಯಾಟಿಗೆ ಎಲ್ಲರಂತೆ ಸಣ್ಣ ಸಣ್ಣ ಗುಬುಟುಗಳಿರುವ ರಬ್ಬರ್ ಹಾಳೆ ಇರಲಿಲ್ಲ, ದಪ್ಪ ಸ್ಪಾಂಜ್ ಅಂಟಿಸಿತ್ತು. ಅದರ ಪರಿಣಾಮ ಏನೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹಳೆಯ ಬ್ಯಾಟಿನಲ್ಲಿ ಪ್ರತಿ ಹೊಡೆತಕ್ಕೂ ‘ಟಕ್’ ಎಂಬ ಸದ್ದು. ಎದುರಾಳಿ ಎಷ್ಟು ಬಲವಾಗಿ ಹೊಡೆದ, ಚೆಂಡನ್ನು ಕೊಯ್ದನೋ ತಳ್ಳಿದನೋ ಎಂಬುದನ್ನು ಪಳಗಿದ ಆಟಗಾರರು ಕಣ್ಣಿನಷ್ಟೇ ಕಿವಿಯಿಂದಲೂ ಅರಿಯುತ್ತಿದ್ದರು. ಸ್ಪಾಂಜಿನಲ್ಲಿ ಚೆಂಡು ಒಂದು ಕ್ಷಣ ಹೂತು, ಕವಣೆಯಿಂದ ಬಿಟ್ಟ ಕಲ್ಲಿನಂತೆ ಚಿಮ್ಮುತ್ತಿತ್ತು, ಸದ್ದೇ ಇಲ್ಲದೆ. ವರ್ಷಗಟ್ಟಲೆ ಅಭ್ಯಾಸದಿಂದ ಕೂಡಿಬಂದಿದ್ದ ಲಯವೇ ಎದುರಾಳಿಗಳಿಗೆ ತಪ್ಪಿಹೋಯಿತು. ಅಮೆರಿಕದ ಮಾರ್ಟಿ ರೈಸ್‌ಮನ್ ಸೋತರು. ಫೈನಲ್‌ನಲ್ಲಿ ಹಂಗೇರಿಯ ಯೋಜೆಫ್ ಕೋಸಿಯಾನ್ ಸೋತರು.

ಈಗ ನಿನ್ನ ಆಕ್ಷೇಪಕ್ಕೆ ಬರುತ್ತೇನೆ. ಬ್ಯಾಟು ಯಾವ ವಸ್ತುವಿನದಾದರೂ, ಯಾವ ಗಾತ್ರದ್ದಾದರೂ ಆಗಬಹುದೆಂದೇ ಆಗಿನ ನಿಯಮ. ಹಾಗಾಗಿ ಇದರಲ್ಲಿ ಮೋಸದ ಪ್ರಶ್ನೆಯೇ ಇಲ್ಲ. ಇನ್ನೊಂದು, ಅಷ್ಟು ಚಿಮ್ಮುವ ಬ್ಯಾಟು ಹಿಡಿದವನಿಗೂ ಸುಲಭದ್ದಲ್ಲ. ಮೇಜಿನಾಚೆ ಹಾರಿಹೋಗುವ ಚೆಂಡನ್ನು ಗೆರೆಯೊಳಗೆ ಇಳಿಸಲು ಮಣಿಕಟ್ಟು ಪಳಗಿರಬೇಕು, ಎದೆಗಾರಿಕೆಯೂ ಬೇಕು. ಲೋಕವೆಲ್ಲ ಒಂದು ದಾರಿ ಹಿಡಿದಿರುವಾಗ ಬೇರೊಂದು ಬ್ಯಾಟಿನ ಮೇಲೆ ತನ್ನ ಆಟವನ್ನೇ ಪಣಕ್ಕಿಟ್ಟವರನ್ನು ಬರಿಯ ಅದೃಷ್ಟವಂತ ಎನ್ನಲು ನನ್ನಿಂದಾಗದು. ಜಪಾನ್ ಆ ಸಲ ಪುರುಷರ ಡಬಲ್ಸ್, ಮಹಿಳೆಯರ ಡಬಲ್ಸ್, ಮಹಿಳೆಯರ ತಂಡ ಪ್ರಶಸ್ತಿಗಳನ್ನೂ ಗೆದ್ದಿತೆಂಬುದನ್ನು ಮರೆಯಬೇಡ.

ಹಾಗೆಂದು ಸೋತವರ ನೋವು ನನಗೆ ಅರ್ಥವಾಗದ್ದೇನಲ್ಲ. ರೈಸ್‌ಮನ್ ಕೊನೆಯವರೆಗೂ ಹಳೆಯ ಬ್ಯಾಟಿನ ಪರವಾಗಿಯೇ ನಿಂತರು. 1997ರಲ್ಲಿ, 67ನೆಯ ವಯಸ್ಸಿನಲ್ಲಿ, ಆ ಹಳೆಯ ಬಗೆಯ ಬ್ಯಾಟಿನಲ್ಲೇ ಆಡುವ ಅಮೆರಿಕ ರಾಷ್ಟ್ರೀಯ ಪಂದ್ಯಾವಳಿಯ ಪ್ರಶಸ್ತಿ ಗೆದ್ದರು. ಆ ನಿಷ್ಠೆಯ ಮುಂದೆ ನಾನು ತಲೆಬಾಗುತ್ತೇನೆ. ಸಾಟೊ ಮಾತ್ರ ಮತ್ತೆಂದೂ ವಿಶ್ವ ಚಾಂಪಿಯನ್ ಆಗಲಿಲ್ಲ. ಆದರೆ 1954ರಿಂದ 1957ರವರೆಗೆ ಜಪಾನಿನವರೇ ಆದ ಒಗಿಮುರಾ, ತನಾಕಾ ಸಿಂಗಲ್ಸ್ ಪ್ರಶಸ್ತಿಯನ್ನು ತಲಾ ಎರಡು ಸಲ ಗೆದ್ದರು. 1959ರಲ್ಲಿ ಅದು ಚೀನಾದ ರೊಂಗ್ ಗುವೋತ್ವಾನ್ ಅವರ ಪಾಲಾಯಿತು. ಅದೇ ವರ್ಷ ಬಂದ ನಿಯಮ ಬರಿಯ ಸ್ಪಾಂಜನ್ನು ನಿಷೇಧಿಸಿ, ರಬ್ಬರ್ ಹೊದಿಸಿದ ಸ್ಪಾಂಜಿಗೆ ಒಟ್ಟು 4 ಮಿಲಿಮೀಟರ್ ದಪ್ಪದ ಮಿತಿ ಹಾಕಿತು. ನಿನ್ನ ಕೈಯಲ್ಲಿರುವ ಬ್ಯಾಟೂ ಆ ಮಿತಿಯೊಳಗಿನದೇ. ಸಾಟೊ ಹಿಡಿದದ್ದು ಈಗ ನಿಷಿದ್ಧ, ನಿಜ. ಅವರು ಮುಂಬಯಿಯಲ್ಲಿ ಗೆದ್ದ ಪದಕಕ್ಕೆ ಆ ನಿಷೇಧ ತಟ್ಟದು.

ನಿನ್ನ ತಂದೆಯವರು ಹಳೆಯ ರಬ್ಬರ್ ಬ್ಯಾಟಿನಲ್ಲಿ ಆಡಿದವರಲ್ಲವೇ? ಅವರು ಏನೆನ್ನುತ್ತಾರೆ ಕೇಳಿ ಬರೆ. ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಗೆಳೆಯ